ಮೋಟಾರು ಗಾಡಿಯ ಬಣ್ಣ: ಶೋಧನ, ಲೇಪನ, ಪಾಲನ

ಹಿತ್ತಾಳೆಯ ಪಾತ್ರೆಗೆ ಕಲಾಯಿ, ಗೋಡೆಗೆ ಸುಣ್ಣ, ಬಾಗಿಲಿಗೆ ಎಣ್ಣೆ ಎಂಬ ಮೂರು ರಕ್ಷೆಗಳು ನಮ್ಮ ಮನೆತನಗಳಿಗೆ ಬಹುಕಾಲದಿಂದ ಪರಿಚಿತವಾದುವು. ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ನಾಲ್ಕನೆಯದೊಂದು ಬಂದು ಸೇರಿದೆ. ಅದಾವುದೆಂದರೆ, ಮೋಟಾರು ಗಾಡಿಯ ಮೈಮೇಲೆ ಸಿಂಪಡಿಸಿ ಒರೆಸತಕ್ಕ ಬಣ್ಣರಕ್ಷಕ ದ್ರವ. ಅಂಗಡಿಗಳಲ್ಲಿ ಇದಕ್ಕೆ ಸೆರಾಮಿಕ್ ಸ್ಪ್ರೇ ಎಂದು ಹೆಸರು. ಹೊಸ ಕಾರನ್ನು ಕೊಳ್ಳುವಾಗ ಮಾರಾಟಗಾರರು ಬಣ್ಣದ ರಕ್ಷಣೆಗೆಂದು ಪ್ರತ್ಯೇಕವಾಗಿ ಹಲವು ಸಾವಿರ ರೂಪಾಯಿಗಳನ್ನು ಕೇಳುವುದುಂಟು. ಅವರು ಬಳಿಸುವ ಲೇಪವು ಇದಕ್ಕಿಂತ ಗಟ್ಟಿಯಾದುದು, ನಿಜ. ಆದರೆ ಸಾಮಾನ್ಯ ಸಂಸಾರಸ್ಥನ ಅಗತ್ಯಕ್ಕೆ, ಮನೆಯಂಗಳದಲ್ಲಿ ಒಂದು ಬೆಳಗಿನ ಹೊತ್ತಿನಲ್ಲಿ ಮಾಡಿಕೊಳ್ಳಬಹುದಾದ ಈ ಸಿಂಪರಣೆಯೇ ಬಹುಮಟ್ಟಿಗೆ ಸಾಕು. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆಯು ಇಲ್ಲಿಗೂ ಸಲ್ಲುತ್ತದೆ. ಮಾಡುವವನು ಕ್ರಮವನ್ನು ಬಲ್ಲವನಾಗಿದ್ದರೆ ಮಾತ್ರ.

ಕ್ರಮವೆಂದರೇನೆಂಬುದನ್ನು ಕಲಾಯಿಯವನಿಂದಲೇ ಕಲಿಯಬಹುದು. ಪಾತ್ರೆ ಕೈಗೆ ಬಂದೊಡನೆ ಅವನು ತವರವನ್ನು ಬಳಿಯುವುದಿಲ್ಲ. ಮೊದಲು ಕಿಲುಬೆಲ್ಲ ಹೋಗುವಂತೆ ಉಜ್ಜಿ ತೊಳೆಯುತ್ತಾನೆ, ಕಾಯಿಸಿ, ನವಸಾಗರದ ಪುಡಿಯನ್ನುದುರಿಸಿ ಒರೆಸುತ್ತಾನೆ, ತವರವು ಆಮೇಲೆ. ಮೈ ಶುದ್ಧವಾಗದ ಪಾತ್ರೆಗೆ ತವರವು ಹಿಡಿಯದೆಂಬುದನ್ನು ಅವನು ಬಲ್ಲನು. ಗಾಡಿಯ ವಿಷಯದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತೂ ಇದೇ. ಬಣ್ಣವನ್ನು ಕಾಯುವುದು ಸೀಸೆಯೊಳಗಿನ ದ್ರವಕ್ಕಿಂತ ಹೆಚ್ಚಾಗಿ ಅದಕ್ಕೆ ಮೊದಲಿನ ತೊಳೆತ ಮತ್ತು ಅದಾದ ಮೇಲಿನ ನಡವಳಿಕೆ. ಶೋಧನ, ಲೇಪನ, ಪಾಲನ ಎಂಬ ಮೂರು ಅಂಗಗಳಲ್ಲಿ ನಡುವಿನದೇ ಅತ್ಯಂತ ಹಗುರವಾದುದು. ಜನರು ಹಣ ತೆರುವುದು ಮಾತ್ರ ಅದಕ್ಕೇ.

ಈಗಿನ ಗಾಡಿಯ ಮೈ ಬರಿಯ ಉಕ್ಕಿನ ತಗಡಲ್ಲ. ಸಾಮಾನ್ಯವಾಗಿ ಅದರ ಮೇಲೆ ಒಂದರ ಮೇಲೊಂದಾಗಿ ನಾಲ್ಕು ಪದರಗಳಿರುತ್ತವೆ. ತಗಡನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ಹತ್ತಿಸಿದ ತುಕ್ಕುನಿರೋಧಕ ಪದರವು ಮೊದಲನೆಯದು. ಅದರ ಮೇಲೆ ಪ್ರೈಮರು. ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ವರ್ಣ. ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ತಿಳಿಪದರ. ನಾಲ್ಕೂ ಸೇರಿ ದಪ್ಪವು ಸುಮಾರು 100 ರಿಂದ 130 ಮೈಕ್ರಾನ್. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಿಳಿಪದರವಾದರೋ ಸುಮಾರು 40 ರಿಂದ 50 ಮೈಕ್ರಾನ್ ಮಾತ್ರ. ಸಾಧಾರಣ ತಲೆಗೂದಲಿಗಿಂತಲೂ ತೆಳು. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ವರ್ಣವನ್ನು ಕಾಯುವುದು ಇದೇ. ಸವೆದುಹೋದ ತಿಳಿಪದರವು ಉಗುರಿನಂತೆ ಮತ್ತೆ ಬೆಳೆಯಲಾರದು. ಕಾರ್ಖಾನೆಯವರು ಒಮ್ಮೆ ಕೊಟ್ಟಷ್ಟೇ ನಮ್ಮ ಬಂಡವಾಳ.

ಮೊದಲು ಹೀಗಿರಲಿಲ್ಲ. ಮೋಟಾರಿನ ಆದಿಕಾಲದಲ್ಲಿ ಕುಂಚದಿಂದ ವಾರ್ನಿಷು ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುವುದರಲ್ಲಿ ಒಂದೊಂದು ಗಾಡಿಗೆ ವಾರಗಳೇ ಹಿಡಿಯುತ್ತಿದ್ದುವು. ಫೋರ್ಡ್ ಕಂಪನಿಯ ಮಾಡೆಲ್ ಟಿ ಗಾಡಿಯು 1914 ರಿಂದ 1925 ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ದೊರೆಯುತ್ತಿತ್ತು. 1923 ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯವರ ಡ್ಯೂಕೊ ಎಂಬ, ಸಿಂಪಡಿಸಿದರೆ ಬೇಗನೆ ಆರುವ ಬಣ್ಣವು ಜನರಲ್ ಮೋಟಾರ್ಸಿನ ಓಕ್ಲೆಂಡ್ ಗಾಡಿಗಳ ಮೇಲೆ ಕಾಣಿಸಿಕೊಂಡಿತು. ಆ ಕಾಲದ ಬಣ್ಣವು ಮಂಕಾದರೆ ಪಾಲಿಷು ಹಾಕಿ ಬಲವಾಗಿ ಉಜ್ಜುತ್ತಿದ್ದರು. ಉಜ್ಜಿದ ಬಟ್ಟೆಗೆ ಬಣ್ಣವೇ ಹತ್ತುತ್ತಿತ್ತು. ವರ್ಣದ ಮೇಲೆ ಪ್ರತ್ಯೇಕವಾಗಿ ತಿಳಿಪದರವನ್ನು ಹಾಕುವ ಪದ್ಧತಿಯು ವ್ಯಾಪಕವಾದುದು 1980ರ ದಶಕದಲ್ಲಿ. ಬಣ್ಣದ ಸ್ವರೂಪವು ಬದಲಾಯಿತು; ಉಜ್ಜುವ ಹಳೆಯ ಅಭ್ಯಾಸವು ಮಾತ್ರ ಉಳಿದುಕೊಂಡಿತು.

ಇದರ ಫಲವು ಹೇಗಿರುತ್ತದೆಂಬುದಕ್ಕೆ ಒಂದು ನಿದರ್ಶನ. ನಮ್ಮ ನೆರೆಯ ಗೃಹಸ್ಥರೊಬ್ಬರು ಹತ್ತು ವರ್ಷಗಳ ಉಳಿತಾಯಕ್ಕೆ ಸಾಲವನ್ನೂ ಕೂಡಿಸಿ ಕಡುನೀಲಿ ಬಣ್ಣದ ಕಾರೊಂದನ್ನು ಕೊಂಡರು. ಮುಂಜಾನೆ ಬರುವ ಹುಡುಗನೊಬ್ಬನು ಒಣಬಟ್ಟೆಯಿಂದ ಅದರ ಧೂಳನ್ನು ಒರೆಸುತ್ತಿದ್ದನು. ವರ್ಷ ತುಂಬುವುದರೊಳಗೆ ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೀರುಗಳು ಮೈತುಂಬ ಎದ್ದುವು. ಅವರು ಸಿಂಪರಣೆಯ ಸೀಸೆಯನ್ನು ತರಿಸಿ, ಅವುಗಳ ಮೇಲೆಯೇ ಹಾಕಿ ಒರೆಸಿದರು. “ಮೇಷ್ಟ್ರೇ, ಹೊಳಪೇನೋ ಬಂತು, ಗೀರುಗಳೂ ಈಗ ಇನ್ನೂ ಚೆನ್ನಾಗಿ ಕಾಣುತ್ತವಲ್ಲ!” ಎಂದು ನಮ್ಮೊಡನೆ ಹೇಳಿಕೊಂಡರು. ಧೂಳು ಮೃದುವಾದ ವಸ್ತುವಲ್ಲ. ಅದರಲ್ಲಿ ಮರಳಿನ ಕಣಗಳಿವೆ. ಅದರ ಮೇಲೆ ಆಡಿಸಿದ ಒಣಬಟ್ಟೆಯು ಮರಳುಕಾಗದದ ಕೆಲಸವನ್ನೇ ಮಾಡುತ್ತದೆ. ಆ ಗೀರುಗಳನ್ನು ತೆಗೆಯಬೇಕಾದರೆ ಯಂತ್ರದಿಂದ ಮೆರುಗು ಕೊಡುವವರು ತಿಳಿಪದರವನ್ನೇ ಕೆಲವು ಮೈಕ್ರಾನಿನಷ್ಟು ಸವೆಸಬೇಕು. ಇಂಥ ಚಿಕಿತ್ಸೆಯನ್ನು ಒಂದು ಗಾಡಿಯ ಆಯುಸ್ಸಿನಲ್ಲಿ ಕೆಲವೇ ಸಲ ಮಾಡಬಹುದು. ಮಿತಿ ಮೀರಿದರೆ ತಿಳಿಪದರವು ಬಿಸಿಲಿಗೆ ಚಕ್ಕೆಚಕ್ಕೆಯಾಗಿ ಏಳುವುದು. ಆಗ ಹೊಸದಾಗಿ ಬಣ್ಣ ಹಾಕಿಸದೆ ಗತ್ಯಂತರವಿಲ್ಲ.

ಇನ್ನು ಆ ದ್ರವದ ಗುಣಗಳು. ಹಳೆಯ ಬಗೆಯ ಪಾಲಿಷುಗಳಲ್ಲಿ, ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ತಾಳೆಯ ಜಾತಿಯ ಮರವೊಂದರ ಎಲೆಗಳಿಂದ ಬರುವ ಕಾರ್ನೌಬಾ ಎಂಬ ಮೇಣವುಂಟು. ಹೊಸ ಸಿಂಪರಣೆಯಲ್ಲಿರುವುದು ಮರಳಿನ ಮೂಲದ್ರವ್ಯವಾದ ಸಿಲಿಕಾಕ್ಕೆ ಸಂಬಂಧಪಟ್ಟ ರಾಳಗಳು. ಇವು ಆರಿದಾಗ ತಿಳಿಪದರದ ಮೇಲೆ ನೀರು ಹತ್ತದ ಪೊರೆಯಾಗುತ್ತವೆ. ಪೊರೆಯ ದಪ್ಪವು ಒಂದು ಮೈಕ್ರಾನಿಗೂ ಕಡಮೆ. ನೀರು ಗುಂಡಗೆ ನಿಂತು ಜಾರುವುದನ್ನು ತಾವರೆಯೆಲೆಗೆ ಹೋಲಿಸುವುದು ವಾಡಿಕೆ. ಆದರೆ ಈ ಉಪಮೆಯು ಅರ್ಧ ಮಾತ್ರ ಸಲ್ಲುತ್ತದೆ. ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ ಎಂಬುವರು 1997 ರಲ್ಲಿ ತೋರಿಸಿಕೊಟ್ಟಂತೆ, ತಾವರೆಯೆಲೆಯ ಮೇಲೆ ಮೇಣ ಮುಚ್ಚಿದ ಅತಿಸೂಕ್ಷ್ಮವಾದ ಗುಬುಟುಗಳಿವೆ. ಅಲ್ಲಿ ಹನಿಯು ಉರುಳುತ್ತ ಕೊಳೆಯನ್ನೂ ಹೊತ್ತು ಹೋಗುತ್ತದೆ. ಗಾಡಿಯ ಮೈ ನಯವಾದುದು. ಅದರ ಮೇಲೆ ನೀರು ಜಾರಿದರೂ ಕೊಳೆಯು ಬಹುಪಾಲು ಉಳಿದೇ ಉಳಿಯುತ್ತದೆ. ಆದ್ದರಿಂದ ಸಿಂಪಡಿಸಿದ ಮೇಲೆ ತೊಳೆಯುವ ಕೆಲಸವು ಸುಲಭವಾಗುವುದೇ ಹೊರತು ತಪ್ಪುವುದಿಲ್ಲ.

ಕೆಲವು ಸೀಸೆಗಳ ಮೇಲೆ ‘9 ಎಚ್’ ಎಂದು ಅಚ್ಚಾಗಿರುತ್ತದೆ. ಇದನ್ನು ವಜ್ರದ ನೆರೆಯ ಕಾಠಿಣ್ಯವೆಂದು ಭ್ರಮಿಸಬಾರದು. ಖನಿಜಗಳನ್ನಳೆಯುವ ಮೋಸ್ ಮಾನದಲ್ಲಿ ವಜ್ರವು 10. ಇದಾದರೋ ಶಾಲೆಯ ಮಕ್ಕಳೂ ಬಲ್ಲ ಪೆನ್ಸಿಲಿನ ಮಾನ. 9 ಎಚ್ ಗುರುತಿನ ಗಟ್ಟಿ ಪೆನ್ಸಿಲಿನಿಂದ ಗೀಚಿದರೂ ಪೊರೆಯು ಹರಿಯಲಿಲ್ಲವೆಂಬುದಷ್ಟೇ ಅದರ ಅರ್ಥ. ಲಾರಿಯ ಚಕ್ರದಿಂದ ಹಾರಿದ ಕಲ್ಲು, ಬೀಗದ ಕೈಯ ಮೊನೆ, ಒಣಬಟ್ಟೆಯ ಮರಳು ಇವುಗಳಿಂದ ಒಂದು ಮೈಕ್ರಾನಿನ ಪೊರೆಯು ಕಾಪಾಡಲಾರದು.

ಈಗ ಶೋಧನದ ಕ್ರಮ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ಕೈಗೆ ತಂಪಾಗಿರುವಾಗ ಕೆಲಸಕ್ಕೆ ತೊಡಗತಕ್ಕದ್ದು. ಮೊದಲು ಬಟ್ಟೆ ತಾಗಿಸದೆ ನೀರು ಹೊಯ್ದು ಸಡಿಲವಾದ ಧೂಳೆಲ್ಲ ಹರಿದುಹೋಗುವಂತೆ ಮಾಡಬೇಕು. ಎರಡು ಬಕೀಟುಗಳಿರಲಿ, ಒಂದರಲ್ಲಿ ಗಾಡಿಗೆಂದೇ ಮಾಡಿದ ಸಾಬೂನಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಪ್ರತಿಸಲವೂ ಬರಿಯ ನೀರಿನಲ್ಲಿ ಜಾಲಿಸಿದ ಮೇಲೆಯೇ ಸಾಬೂನಿನಲ್ಲಿ ಅದ್ದಬೇಕು. ಮೇಲ್ಛಾವಣಿಯಿಂದ ತೊಡಗಿ ಕೆಳಕ್ಕೆ ಬರಬೇಕು. ಕೆಸರು ಹೆಚ್ಚಾಗಿರುವ ಅಂಚುಗಳು ಕೊನೆಗೆ. ಹಳೆಯ ಅಂಗಿ, ಅಂಚಿನ ಪಂಚೆ ಬೇಡ. ಹೊಲಿಗೆಯೂ ಗುಂಡಿಯೂ ಗೀರುತ್ತವೆ. ಮೈಕ್ರೋಫೈಬರ್ ಎಂಬ ಮೆತ್ತನೆಯ ಬಟ್ಟೆಯೇ ಯೋಗ್ಯ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಮುಟ್ಟಬಾರದು.

ತೊಳೆದು ಒರೆಸಿದ ಮೇಲೆ ಒಂದು ಪರೀಕ್ಷೆಯುಂಟು. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯನ್ನಿಟ್ಟು ಬಾನೆಟ್ಟಿನ ಮೇಲೆ ಹಗುರವಾಗಿ ಜಾರಿಸಿರಿ. ಗಾಜಿನಂತೆ ನುಣುಪಾಗಿದ್ದರೆ ಶೋಧನವು ಮುಗಿಯಿತು. ರವೆಯ ಮೇಲೆ ಕೈಯಾಡಿಸಿದಂತೆ ತೋರಿದರೆ ಟಾರು, ಕಬ್ಬಿಣದ ಪುಡಿ, ಮರದ ಸೊನೆ ಮೊದಲಾದುವು ಇನ್ನೂ ಅಂಟಿಕೊಂಡಿವೆ ಎಂದು ತಿಳಿಯಬೇಕು. ಅವನ್ನು ತೆಗೆಯುವುದಕ್ಕೆ ಕಣಕದಂತೆ ನಾದಬಹುದಾದ ಒಂದು ಬಗೆಯ ಜೇಡಿ ದೊರೆಯುತ್ತದೆ. ಗಾಡಿಯ ಮೈಯನ್ನು ಸಾಬೂನಿನ ನೀರಿನಿಂದ ಚೆನ್ನಾಗಿ ತೋಯಿಸಿ, ಒತ್ತದೆ, ಅದನ್ನು ಜಾರಿಸಬೇಕು.

ಲೇಪನವು ಇಷ್ಟರ ಮುಂದೆ ಅಲ್ಪ ಕೆಲಸ. ಸೀಸೆಯನ್ನು ಕುಲುಕಿ, ಮೊದಲು ಮರೆಯಾದ ಒಂದೆಡೆಯಲ್ಲಿ ಪರೀಕ್ಷಿಸಿ, ತರುವಾಯ ಅರ್ಧ ಬಾಗಿಲಿನಷ್ಟು ಜಾಗಕ್ಕೆ ಎರಡು ಮೂರು ಸಲ ಮಾತ್ರ ಸಿಂಪಡಿಸಿ ಒಂದು ಬಟ್ಟೆಯಿಂದ ಹರಡಬೇಕು. ಕೂಡಲೆ ಮತ್ತೊಂದು ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ಹೆಚ್ಚು ಹಾಕಿದರೆ ಹೆಚ್ಚು ರಕ್ಷೆಯೆಂಬುದು ಸುಳ್ಳು. ಮಿಕ್ಕ ದ್ರವವು ಒಣಗಿ ಗೆರೆಗೆರೆಯಾಗಿ ನಿಲ್ಲುತ್ತದೆ. ಅಂದು ಗಾಡಿಯು ಮಳೆಯಲ್ಲಿ ನೆನೆಯದಿರಲಿ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಇದು ಸಲ್ಲದು, ಅದಕ್ಕೆಂದೇ ಮಾಡಿದುದಾಗಿದ್ದರೆ ಹೊರತು. ಅಪಘಾತದ ನಂತರ ಹೊಸದಾಗಿ ಬಣ್ಣ ಹಾಕಿಸಿದ್ದರೆ, ಅದು ಒಳಗಿನಿಂದ ಪೂರ್ತಿಯಾಗಿ ಆರುವವರೆಗೆ, ಎಂದರೆ ಬಣ್ಣ ಹಾಕಿದವನು ಹೇಳಿದಷ್ಟು ವಾರಗಳು, ಕಾಯತಕ್ಕದ್ದು.

ಎರಡು ಎಚ್ಚರಿಕೆಗಳು ಬಣ್ಣಕ್ಕಿಂತ ಮೇಲಾದುವು. ಒಂದನೆಯದು, ಈ ದ್ರವವು ಬ್ರೇಕಿನ ತಟ್ಟೆಗಾಗಲಿ ಟೈರಿಗಾಗಲಿ ತಾಗಕೂಡದು. ಜಾರಿಸುವುದೇ ಇದರ ಧರ್ಮ. ನಿಲ್ಲಿಸಬೇಕಾದೆಡೆಯಲ್ಲಿ ಅದು ಪ್ರಾಣಾಪಾಯಕರ. ಉಳಿದ ದ್ರವವನ್ನು ಮಗನ ಸ್ಕೂಟರಿಗೆ ಬಳಸುವವರು ಇದನ್ನು ಇನ್ನೂ ಹೆಚ್ಚಾಗಿ ನೆನೆಯಬೇಕು. ಸೀಟಿಗೂ ಹಿಡಿಗೂ ಇದು ಬೇಡ. ತಪ್ಪಿ ಬ್ರೇಕಿಗೆ ಬಿದ್ದರೆ, ಮೆಕ್ಯಾನಿಕನಿಂದ ಶುದ್ಧಿ ಮಾಡಿಸದೆ ಗಾಡಿಯನ್ನು ನಡೆಸಬಾರದು. ಎರಡನೆಯದು, ನೀರು ಹತ್ತದಂತೆ ಮಾಡುವ ಸಿಂಪರಣೆಗಳ ಸೂಕ್ಷ್ಮವಾದ ಹನಿಗಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶಗಳಿಗೆ ಕೇಡು ಮಾಡಿದ ಪ್ರಸಂಗಗಳನ್ನು ವೈದ್ಯರು ಬಲ್ಲರು. ಆದಕಾರಣ ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಬಾರದು. ದ್ರವವನ್ನು ಗಾಳಿಗೆ ಬಿಡದೆ ಬಟ್ಟೆಯ ಮೇಲೆಯೇ ಸಿಂಪಡಿಸಿಕೊಂಡು ಹಚ್ಚುವುದು ಒಳ್ಳೆಯದು. ಮೂಗಿಗೆ ಮುಸುಕು, ಕೈಗೆ ಗವಸು ಇರಲಿ. ಚಿಕ್ಕ ಮಕ್ಕಳೂ ದಮ್ಮಿನ ರೋಗಿಗಳೂ ದೂರವಿರಲಿ.

ಕೊನೆಯದು ಪಾಲನ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಅದು ಅಳಿಸಲಾರದ ಕಲೆಯನ್ನು ಕೊರೆಯುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಹಾಸಿ, ನೆನೆದ ಮೇಲೆ ಮೆಲ್ಲನೆ ಎತ್ತಬೇಕು; ಕೆರೆಯಬಾರದು. ಲೇಪವಿದ್ದರೆ ಇದಕ್ಕೆ ಸ್ವಲ್ಪ ಕಾಲಾವಕಾಶ ದೊರೆಯುತ್ತದೆ. ಅದರ ನಿಜವಾದ ಉಪಕಾರವು ಇದೇ. ಬಯಲುಸೀಮೆಯ ಬೋರಿನ ನೀರಿನಲ್ಲಿರುವ ಸುಣ್ಣದ ಲವಣಗಳು ಒಣಗಿ ಬಿಳಿಯ ಚುಕ್ಕೆಗಳಾಗುತ್ತವೆ, ತೊಳೆದೊಡನೆ ಒರೆಸಬೇಕು. ಮನೆಯ ಮೇಲೆ ಹಿಡಿದ ಮಳೆಯ ನೀರು ಈ ಕೆಲಸಕ್ಕೆ ಎಲ್ಲಕ್ಕಿಂತ ಮೇಲು. ಬೆಂಗಳೂರಿನ ಜಲಮಂಡಲಿಯು 2024ರ ಮಾರ್ಚಿ ತಿಂಗಳಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿಗಳ ದಂಡವನ್ನು ಗೊತ್ತುಮಾಡಿದುದು ವಾಚಕರಿಗೆ ನೆನಪಿರಬಹುದು. ಲೇಪವು ಕೆಲವು ತಿಂಗಳುಗಳಲ್ಲಿ ಸವೆಯುತ್ತದೆ. ಹೊಯ್ದ ನೀರು ಗುಂಡಗೆ ನಿಲ್ಲದೆ ಚಪ್ಪಟೆಯಾಗಿ ಹರಡಿದರೆ ಮತ್ತೆ ಹಾಕುವ ಕಾಲ ಬಂದಿತೆಂದು ತಿಳಿಯಬಹುದು.

ಮೇಲೆ ಥಳಕು, ಒಳಗೆ ಹುಳುಕು ಎಂದಾಗಬಾರದು. ಕಾರವಾರ, ಮಂಗಳೂರು ಮೊದಲಾದ ಕರಾವಳಿಯ ಊರುಗಳ ಉಪ್ಪುಗಾಳಿಯಲ್ಲಿ ತುಕ್ಕು ತೊಡಗುವುದು ಹೊಳೆಯುವ ಬಾನೆಟ್ಟಿನಿಂದಲ್ಲ. ಗಾಡಿಯ ಅಡಿಭಾಗದಿಂದ ಮತ್ತು ತರಗೆಲೆ ಕಟ್ಟಿಕೊಂಡ ಬಾಗಿಲಿನ ಕೆಳರಂಧ್ರಗಳಿಂದ. ಮಳೆಗಾಲವು ಕಳೆದೊಡನೆ ಅಡಿಭಾಗವನ್ನು ತೊಳೆಸಿ, ಆ ರಂಧ್ರಗಳನ್ನು ಬಿಡಿಸಬೇಕು. ಸಿಂಪರಣೆಯ ಸೀಸೆಗೆ ತೆರುವ ಹಣದಲ್ಲಿ ಒಂದು ಪಾಲನ್ನು ತೊಳೆಯುವ ಹುಡುಗನ ಕೂಲಿಗೆ ಸೇರಿಸಿ, ಅವನ ಕೈಯಲ್ಲಿ ಎರಡನೆಯ ಬಕೀಟನ್ನೂ ಒಗೆದ ಬಟ್ಟೆಯನ್ನೂ ಕೊಟ್ಟು, ಒಂದು ಸಲ ಜೊತೆಯಲ್ಲಿ ನಿಂತು ತೋರಿಸಿರಿ. ನಿಮ್ಮ ಗಾಡಿಯ ತಿಳಿಪದರವು ದಿನದಿನವೂ ಉಳಿಯುವುದು ಅಥವಾ ಸವೆಯುವುದು ಅವನ ಕೈಯಲ್ಲಿಯೇ ಎಂಬುದನ್ನು ಗೃಹಸ್ಥರು ಮನಗಾಣಬೇಕೆಂದು ನಮ್ಮ ಬಿನ್ನಹ.