ಹೊಲ ಕಾಯೋ ಬಂದೂಕು ಕಿವಿ ಕಳೀಬಾರದು: ಯಾರಿಗೆ ಇಯರ್ ಪ್ಲಗ್, ಯಾರಿಗೆ ಇಯರ್ ಮಫ್?

ಹಾವೇರಿ: ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹೊಲಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಕಾಡುಹಂದಿ ಹಿಂಡು ಒಂದೇ ರಾತ್ರಿ ನುಗ್ಗಿದರೂ ಎಕರೆಗಟ್ಟಲೆ ಬೆಳೆ ನೆಲಕಚ್ಚುತ್ತದೆ. ಹಾಗಾಗಿ ಡಬ್ಬಿ ಬಡಿಯುವುದು, ಪಟಾಕಿ ಸಿಡಿಸುವುದು, ಕಾರ್ಬೈಡ್ ಗನ್ ಹೊಡೆಯುವುದು, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದವರು ಬಂದೂಕಿನಿಂದ ಗಾಳಿಯಲ್ಲಿ ಗುಂಡು ಹಾರಿಸುವುದು, ಇವೆಲ್ಲ ಇದ್ದದ್ದೇ. ಇದರಿಂದ ಬೆಳೆ ಉಳಿಯಬಹುದು. ಆದರೆ ಹೊಡೆದವರ ಕಿವಿಯ ಬಗ್ಗೆ ಕೇಳುವವರು ಕಡಿಮೆ.

"ಗುಂಡು ಹಾರಿಸಿದ ಮ್ಯಾಲೆ ಕಿವಿ ಗುಂಯ್ ಅಂತೈತಿ, ಮುಂಜಾನಿಗೆ ಸರಿ ಆಗ್ತೈತಿ ಬಿಡ್ರಿ" ಅನ್ನುವುದು ಹಳ್ಳಿಗಳಲ್ಲಿ ಸಾಮಾನ್ಯ ಮಾತು. ಮುಂಜಾನೆಗೆ ಗುಂಯ್‌ಗುಡುವುದು ನಿಲ್ಲಬಹುದು. ಹಾಗಂತ ಒಳಗೆ ಆದ ಪೆಟ್ಟು ಪೂರ್ತಿ ವಾಸಿಯಾಯ್ತು ಅಂತಲ್ಲ. ಬಂದೂಕಿನ ಸದ್ದಿನಿಂದ ಹೋದ ಕಿವಿಯನ್ನು ಮರಳಿ ತರುವ ಔಷಧವಾಗಲೀ ಶಸ್ತ್ರಚಿಕಿತ್ಸೆಯಾಗಲೀ ಇಲ್ಲ. ಅದನ್ನು ತಡೆಯುವ ಸಾಧನಕ್ಕೆ ಮಾತ್ರ ಹತ್ತಿಪ್ಪತ್ತು ರೂಪಾಯಿ ಸಾಕು.

ಒಂದೇ ಗುಂಡು ಸಾಕು

ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಇಬ್ಬರು ಎದುರುಬದುರು ಕೂತು ಮಾತಾಡಿದರೆ ಸುಮಾರು 60 ಡೆಸಿಬಲ್. ಈ ಲೆಕ್ಕ ನಮ್ಮ ತಕ್ಕಡಿ ಲೆಕ್ಕದಂತಲ್ಲ. ಪ್ರತಿ 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು ಏರುತ್ತದೆ. 140 ಮತ್ತು 160ರ ನಡುವಿನ ಅಂತರ ಬರೀ 20 ಅಲ್ಲ, 100 ಪಟ್ಟು.

ನಮ್ಮ ದೇಶದ ಕಾರ್ಖಾನೆ ನಿಯಮಗಳ ಪ್ರಕಾರ ಕಾರ್ಮಿಕರು 90 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಮಾತ್ರ ಇರಬಹುದು. ಒಮ್ಮೆಲೇ ಸಿಡಿಯುವ ಸದ್ದು 140 ಡೆಸಿಬಲ್ ದಾಟುವ ಕಡೆ ಒಂದು ಕ್ಷಣವೂ ಇರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ದೊಡ್ಡವರಿಗೆ 140, ಮಕ್ಕಳಿಗೆ 120 ಡೆಸಿಬಲ್ ಮಿತಿ ಹೇಳಿದೆ.

ಎನ್‌ಸಿಸಿ ಕೆಡೆಟ್‌ಗಳು ಬಳಸುವ ಪಾಯಿಂಟ್ 22 ರೈಫಲ್‌ನ ಸದ್ದೇ ಸುಮಾರು 140 ಡೆಸಿಬಲ್. 12 ಬೋರ್ ಬಂದೂಕಿನದು 150ರಿಂದ 165ರವರೆಗೆ ಹೋಗುತ್ತದೆ. ಅಂದರೆ ಬರಿಗಿವಿಯಲ್ಲಿ ಹಾರಿಸುವ ಪ್ರತಿ ಗುಂಡೂ ಮಿತಿ ದಾಟಿದ್ದೇ. ನಳಿಕೆ ಗಿಡ್ಡ ಇದ್ದಷ್ಟೂ ಹಾರಿಸುವವರ ಕಿವಿಗೆ ಪೆಟ್ಟು ಹೆಚ್ಚು. ತಗಡಿನ ಶೆಡ್ ಅಥವಾ ಪಂಪ್‌ಹೌಸ್ ಒಳಗಿನಿಂದ ಹಾರಿಸಿದರೆ ಸದ್ದು ಗೋಡೆಗೆ ಬಡಿದು ಮರಳುವುದರಿಂದ ಇನ್ನೂ ಕೆಟ್ಟದ್ದು.

ಕಿವಿ ಒಳಗೆ ಆಗುವುದೇನು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಭಾಗವಿದೆ. ಅದರಲ್ಲಿ ಒಂದೊಂದು ಕಿವಿಗೆ ಸುಮಾರು 15 ಸಾವಿರ ಸೂಕ್ಷ್ಮ ಕೂದಲು ಕೋಶಗಳಿರುತ್ತವೆ. ಸದ್ದು ಬಂದಾಗ ಇವು ಬಾಗಿ ಎದ್ದು ಮಿದುಳಿಗೆ ಸಂದೇಶ ಕಳಿಸುತ್ತವೆ. ಗಾಳಿಗೆ ಬಾಗಿದ ಪೈರು ಮತ್ತೆ ಎದ್ದು ನಿಲ್ಲುತ್ತದೆ, ಬಿರುಗಾಳಿಗೆ ಮುರಿದದ್ದು ಏಳುವುದಿಲ್ಲ. ಈ ಕೋಶಗಳ ಕಥೆಯೂ ಅದೇ. ಮನುಷ್ಯರಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಮೊದಲು ಹೋಗುವುದು ಕೀಚಲು ಸದ್ದು ಹಿಡಿಯುವ ಕೋಶಗಳು. ಆದ್ದರಿಂದ ಶುರುವಿಗೆ "ಕೇಳಿಸಂಗಿಲ್ಲ" ಅನ್ನಿಸುವುದಿಲ್ಲ. "ಕೇಳಸ್ತೈತಿ, ಆದರ ತಿಳಿಯಂಗಿಲ್ಲ" ಅನ್ನಿಸುತ್ತದೆ. ಸ, ಶ, ಚ, ತ, ಕ ಅಕ್ಷರಗಳು ಮಸುಕಾಗಿ 'ಸಾಲ' ಅಂದದ್ದು 'ಕಾಲ' ಅಂತ ಕೇಳಿಸುತ್ತದೆ. ಮೊಮ್ಮಕ್ಕಳ ಮಾತು, ಸಂತೆಯ ಗದ್ದಲದಲ್ಲಿ ದರ ಹೇಳುವವರ ಮಾತು ಹಿಡಿಯುವುದಿಲ್ಲ. ಕೆಲವರಿಗೆ ಗುಂಯ್‌ಗುಡುವುದು ರಾತ್ರಿ ಹಗಲು ಉಳಿದುಬಿಡುತ್ತದೆ. "ಈಗ ಬಂದೂಕಿನ ಸದ್ದು ರೂಢಿ ಆಗೈತಿ" ಅನ್ನುವವರ ಕಿವಿ ಗಟ್ಟಿಯಾಗಿರುವುದಿಲ್ಲ, ಅರ್ಧ ಹೋಗಿರುತ್ತದೆ.

ಬಲಗೈಯವರು ಬಂದೂಕನ್ನು ಬಲ ಭುಜಕ್ಕೆ ಆನಿಸಿ ಗುರಿ ಹಿಡಿದಾಗ ಎಡಗಿವಿ ನಳಿಕೆಯ ಬಾಯಿಯ ಕಡೆ ತಿರುಗಿರುತ್ತದೆ. ಬಲಗಿವಿಗೆ ತಲೆಯೇ ಅಡ್ಡ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ ಎಡಗಿವಿ ಮೊದಲು ಮಂದವಾಗುತ್ತದೆ. ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿಕೊಂಡವರು ಇದ್ದರೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಹತ್ತಿ ಸಾಲದು

ಕಿವಿಗೆ ಹತ್ತಿ ತುರುಕುವುದು, ಟವೆಲ್ ಸುತ್ತುವುದು, ಮೊಬೈಲ್ ಇಯರ್‌ಫೋನ್ ಹಾಕಿಕೊಳ್ಳುವುದು ಹಲವರ ರೂಢಿ. ಒಣ ಹತ್ತಿ ತಡೆಯುವುದು ಹೆಚ್ಚೆಂದರೆ ಐದಾರು ಡೆಸಿಬಲ್. ಬೆರಳಿಟ್ಟು ಗಟ್ಟಿಯಾಗಿ ಮುಚ್ಚಿದರೆ ಸದ್ದು ತಡೆಯುತ್ತದೆ ನಿಜ, ಆದರೆ ಬಂದೂಕು ಹಿಡಿದವರಿಗೆ ಕೈ ಖಾಲಿ ಇರುವುದಿಲ್ಲ. ಕಿವಿ ರಕ್ಷಣೆಗೆಂದೇ ಮಾಡಿದ ಸಾಧನಗಳು ಮುಖ್ಯವಾಗಿ ನಾಲ್ಕು.

ಫೋಮ್ ಇಯರ್ ಪ್ಲಗ್: ಮೆತ್ತನೆ ಸ್ಪಂಜಿನ ತುಂಡು. ಜೋಡಿಗೆ ಸುಮಾರು 10ರಿಂದ 20 ರೂಪಾಯಿ. ಸರಿಯಾಗಿ ಹಾಕಿದರೆ ಒಳ್ಳೆಯ ರಕ್ಷಣೆ. ಹೊಲಸಾದರೆ ಬಿಸಾಕಿ ಹೊಸದು ಬಳಸಬೇಕು.

ರಬ್ಬರ್ ಅಥವಾ ಸಿಲಿಕಾನ್ ಪ್ಲಗ್: ಛತ್ರಿಯಂತೆ ಎರಡು ಮೂರು ಪದರ ಇರುತ್ತವೆ. ದಾರ ಕಟ್ಟಿದ್ದು ಸಿಗುತ್ತದೆ, ಕೊರಳಿಗೆ ಹಾಕಿಕೊಂಡರೆ ಕತ್ತಲಲ್ಲಿ ಕಳೆಯುವುದಿಲ್ಲ. ತೊಳೆದು ಮತ್ತೆ ಬಳಸಬಹುದು. ಮಣ್ಣಿನ ಕೈಯಲ್ಲಿ ಕೆಲಸ ಮಾಡುವವರಿಗೆ ಇದೇ ಅನುಕೂಲ.

ಇಯರ್ ಮಫ್: ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲು. ಬೆಲೆ ಕೆಲವು ನೂರು ರೂಪಾಯಿಯಿಂದ ಶುರು. ಕಿವಿ ಸೋರುವವರು ಪ್ಲಗ್ ಹಾಕಬಾರದು, ಅವರಿಗೆ ಇದೇ ಸರಿ. ಆದರೆ ರುಮಾಲು, ಟೋಪಿ, ಕನ್ನಡಕದ ಕಡ್ಡಿ ನಡುವೆ ಸಿಕ್ಕರೆ ಸಂದಿ ಉಳಿದು ಸದ್ದು ನುಗ್ಗುತ್ತದೆ. ಬಟ್ಟಲು ದಪ್ಪ ಇದ್ದರೆ ಬಂದೂಕಿನ ಹಿಡಿ ಕೆನ್ನೆಗೆ ಆನಿಸುವಾಗ ತಾಗಿ ಜರುಗುತ್ತದೆ. ಬಂದೂಕಿಗೆಂದೇ ತೆಳ್ಳಗೆ ಮಾಡಿದ ಮಫ್ ಕೇಳಿ ಕೊಳ್ಳಬೇಕು. ಅಂಚಿನ ಮೆತ್ತೆ ಒಡೆದರೆ ಅಥವಾ ಗಟ್ಟಿಯಾದರೆ ಬದಲಿಸಬೇಕು.

ಎಲೆಕ್ಟ್ರಾನಿಕ್ ಮಫ್: ಒಳಗೆ ಮೈಕ್ ಇರುತ್ತದೆ. ಮೆಲ್ಲನೆಯ ಸದ್ದನ್ನು ದೊಡ್ಡದು ಮಾಡಿ ಕೇಳಿಸುತ್ತದೆ, ಗುಂಡಿನ ಸದ್ದು ಬಂದಾಕ್ಷಣ ಮೈಕ್ ತಡೆಯುತ್ತದೆ. ಬೆಲೆ ಕೆಲವು ಸಾವಿರ ರೂಪಾಯಿ. ಬ್ಯಾಟರಿ ಹೋದರೂ ಸಾದಾ ಮಫ್ ಆಗಿ ಕೆಲಸ ಮಾಡುತ್ತದೆ.

ಡಬ್ಬಿ ಮೇಲಿನ ಅಂಕಿ ನಂಬಬಹುದೇ?

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಎಂದು 20ರಿಂದ 37ರ ನಡುವಿನ ಅಂಕಿ ಇರುತ್ತದೆ. ಇದು ಪ್ರಯೋಗಾಲಯದಲ್ಲಿ ಸಿಕ್ಕ ಅಂಕಿ. ನಿಜ ಬಳಕೆಯಲ್ಲಿ ಅದರ ಅರ್ಧದಷ್ಟು ಸಿಗುತ್ತದೆ ಅಂತ ಲೆಕ್ಕ ಹಿಡಿಯುವುದು ಕ್ಷೇಮ. ಯಾವ ಅಂಕಿಯೂ ಇಲ್ಲದ, ಯಾವ ಮಾನದಂಡವನ್ನೂ ಬರೆಯದ ಸರಕನ್ನು ಕೊಳ್ಳಬೇಡಿ. ಭಾರತದ ಐಎಸ್ 9167 ಅಥವಾ ಯುರೋಪಿನ ಇಎನ್ 352 ಎಂದು ನಮೂದಾಗಿದೆಯೇ ನೋಡಿ.

ಒಂದು ಲೆಕ್ಕ: ಬಂದೂಕಿನ ಸದ್ದು 155 ಡೆಸಿಬಲ್ ಅನ್ನಿ. ಪ್ಲಗ್ ಸರಿಯಾಗಿ ಕೂತು 20 ಡೆಸಿಬಲ್ ತಡೆದರೆ ಕಿವಿಗೆ ಬೀಳುವುದು 135, ಮಿತಿಯ ಒಳಗೆ. ಅದೇ ಪ್ಲಗ್ ಅರೆಬರೆ ಕೂತು 8 ಮಾತ್ರ ತಡೆದರೆ 147, ಮಿತಿ ದಾಟಿತು. ಅದಕ್ಕೇ 12 ಬೋರ್ ಮತ್ತು ದೊಡ್ಡ ರೈಫಲ್ ಹಾರಿಸುವವರು ಒಳಗೆ ಪ್ಲಗ್, ಮೇಲೆ ಮಫ್ ಎರಡನ್ನೂ ಹಾಕಬೇಕು ಅಂತ ತಜ್ಞರು ಹೇಳುವುದು. ಎರಡೂ ಹಾಕಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ, 5ರಿಂದ 10 ಡೆಸಿಬಲ್ ಹೆಚ್ಚು ಸಿಗುತ್ತದೆ. ಅಷ್ಟೇ ಸಾಕಷ್ಟು ದೊಡ್ಡ ಮಾತು.

ಫೋಮ್ ಪ್ಲಗ್ ಹಾಕುವ ರೀತಿ

ಕೈ ತೊಳೆದು ಪ್ಲಗ್ಗನ್ನು ಬತ್ತಿಯಂತೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಪ್ಲಗ್ಗನ್ನು ಒಳಗೆ ಕೂರಿಸಿ, ಅರಳುವವರೆಗೆ 20-30 ಸೆಕೆಂಡು ಬೆರಳಿನಿಂದ ಒತ್ತಿ ಹಿಡಿಯಿರಿ. ನಿಮ್ಮ ದನಿ ಕೊಡದ ಒಳಗಿನಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ. ಎದುರು ನಿಂತವರಿಗೆ ಪ್ಲಗ್ ಪೂರ್ತಿ ಹೊರಗೆ ಕಂಡರೆ ತೆಗೆದು ಮತ್ತೆ ಹಾಕಬೇಕು.

ಕಿವಿ ಮುಚ್ಚಿದರೆ ಹಂದಿ ಬಂದದ್ದು ಗೊತ್ತಾಗೋದು ಹೆಂಗ?

ಕಾವಲಿಗೆ ಕೂತವರ ನಿಜವಾದ ಅಡಚಣೆ ಇದೇ. ಕತ್ತಲಲ್ಲಿ ಕಣ್ಣಿಗಿಂತ ಕಿವಿಯೇ ಆಸರೆ. ದಂಟು ಮುರಿಯುವ ಸದ್ದು ಕೇಳದಿದ್ದರೆ ಕಾವಲಿಗೆ ಅರ್ಥವಿಲ್ಲ. ಹಾನಗಲ್ ಭಾಗದ ಕಾಡಂಚಿನ ಹೊಲಗಳಲ್ಲಿ ಪ್ರಾಣಿ ಹತ್ತಿರ ಬಂದದ್ದು ತಿಳಿಯದಿದ್ದರೆ ಜೀವಕ್ಕೂ ಅಪಾಯ.

ಇದಕ್ಕೆ ಎರಡು ದಾರಿ. ಹಣ ಇದ್ದವರಿಗೆ ಎಲೆಕ್ಟ್ರಾನಿಕ್ ಮಫ್. ಇಲ್ಲದವರು ಸಾದಾ ಮಫ್ ಕೊರಳಲ್ಲಿ ಇಟ್ಟುಕೊಂಡು, ಬಂದೂಕು ಎತ್ತುವ ಮೊದಲು ಕಿವಿಗೆ ಏರಿಸಿಕೊಳ್ಳುವ ರೂಢಿ ಮಾಡಬೇಕು. ಫೋಮ್ ಪ್ಲಗ್ ಹೊಸೆದು ಹಾಕಲು ಅರ್ಧ ನಿಮಿಷ ಬೇಕು, ಮಫ್‌ಗೆ ಎರಡು ಸೆಕೆಂಡು ಸಾಕು. ಕೂತಲ್ಲೇ ಕಾಯುವವರಿಗೆ ಮಫ್ ಅನುಕೂಲ ಅನ್ನುವುದು ಇದಕ್ಕೇ. ಹೊಲಕ್ಕೆ ಮಕ್ಕಳನ್ನು ಕರೆದೊಯ್ಯದಿರುವುದು ಒಳಿತು. ಜತೆಗಿರುವ ದೊಡ್ಡವರೂ ಕಿವಿ ಮುಚ್ಚಿಕೊಳ್ಳಬೇಕು, ನಳಿಕೆಯ ಮುಂದೆ ಅಥವಾ ಪಕ್ಕದಲ್ಲಿ ನಿಲ್ಲಲೇಬಾರದು.

ಕಾರ್ಬೈಡ್ ಗನ್ ಆಟಿಕೆಯಲ್ಲ

ಪೈಪಿನಲ್ಲಿ ಕಾರ್ಬೈಡ್ ಹಾಕಿ ನೀರು ಬಿಟ್ಟು, ಹುಟ್ಟಿದ ಅಸಿಟಿಲೀನ್ ಗ್ಯಾಸಿಗೆ ಲೈಟರ್‌ನಿಂದ ಕಿಡಿ ಕೊಡುವುದು ಇದರ ಕೆಲಸ. ಇದಕ್ಕೆ ಸದ್ದಿನ ಮಿತಿಯೂ ಇಲ್ಲ, ಪೈಪಿನ ಗಟ್ಟಿತನಕ್ಕೆ ಖಾತ್ರಿಯೂ ಇಲ್ಲ. ಪಟಾಕಿಗಾದರೂ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟಬಾರದು ಅನ್ನುವ ನಿಯಮವಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥ ಗನ್‌ಗಳಿಂದ ನೂರಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು, ಕಣ್ಣಿಗೆ ಗಾಯ ಮಾಡಿಕೊಂಡರು. ಕಿಡಿ ಹತ್ತದಿದ್ದಾಗ ಪೈಪಿನೊಳಗೆ ಇಣುಕಿದ್ದೇ ಹಲವರಿಗೆ ಮುಳುವಾಯಿತು. ಕಿವಿಗೆ ಪ್ಲಗ್ ಹಾಕಿದ ಮಾತ್ರಕ್ಕೆ ಇದು ಸುರಕ್ಷಿತ ಆಗುವುದಿಲ್ಲ, ಬಳಸದಿರುವುದೇ ಮೇಲು.

ತರಬೇತಿಗೆ ಹೋಗುವ ಯುವಕರಿಗೆ

ಪೊಲೀಸ್ ಭರ್ತಿ, ಸೇನೆ ಅಂತ ಓಡುವ ಯುವಕರು ನಮ್ಮಲ್ಲಿ ಬಹಳ. ಶಿಗ್ಗಾವಿ ತಾಲೂಕಿನ ಗಂಗೇಭಾವಿಯಲ್ಲಿ ಕೆಎಸ್‌ಆರ್‌ಪಿ 10ನೇ ಪಡೆಯೇ ಇದೆ. ಕಾಲೇಜುಗಳಲ್ಲಿ ಎನ್‌ಸಿಸಿ ಇದೆ. ಫೈರಿಂಗ್ ರೇಂಜಿನಲ್ಲಿ ಸಾಲಾಗಿ ಮಲಗಿ ಹಾರಿಸುವಾಗ ತನ್ನ ಗುಂಡಿಗಿಂತ ಪಕ್ಕದವರ ಗುಂಡು ಕಿವಿಗೆ ಜೋರಾಗಿ ಬಡಿಯಬಹುದು. ತನ್ನ ಸರದಿ ಮುಗಿದ ಕೂಡಲೇ ಪ್ಲಗ್ ತೆಗೆಯುವುದು ತಪ್ಪು, ರೇಂಜ್ ಬಿಡುವವರೆಗೂ ಕಿವಿಯಲ್ಲಿರಬೇಕು. ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಕಿವಿಯನ್ನೂ ನೋಡುತ್ತಾರೆ ಅನ್ನುವುದು ನೆನಪಿರಲಿ. ಏರ್ ರೈಫಲ್ ಕಲಿಯುವವರಿಗೆ ಅಪಾಯ ಕಡಿಮೆ. ಆದರೂ ಮುಚ್ಚಿದ ಹಾಲ್‌ನಲ್ಲಿ ತಾಸುಗಟ್ಟಲೆ ಅಭ್ಯಾಸ ಮಾಡುವವರು ಪ್ಲಗ್ ಹಾಕುವುದು ಒಳಿತು.

ಬೇಟೆಗೆ ಅವಕಾಶವಿಲ್ಲ

ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಬಂಕಾಪುರ ಕೋಟೆಯ ನವಿಲುಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇರುವ ಜಿಲ್ಲೆಯಿದು. ಬೆಳೆ ಹಾನಿಯಾದರೆ ಫೋಟೊ, ಪಹಣಿ ಸಮೇತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬಹುದು.

ಪೆಟ್ಟು ಬಿದ್ದರೆ ತಡ ಬೇಡ

ಗುಂಡು ಅಥವಾ ಪಟಾಕಿ ಸದ್ದಿನ ನಂತರ ಒಮ್ಮೆಲೇ ಕಿವಿ ಮಂದವಾದರೆ, ನೋವು, ತಲೆಸುತ್ತು, ರಕ್ತ ಕಂಡರೆ ಅಥವಾ ಮರುದಿನವೂ ಗುಂಯ್‌ಗುಡುವುದು ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕೂಡಲೇ ಕಾಣಬೇಕು. ಮೊದಲ ಎರಡು ಮೂರು ದಿನದೊಳಗೆ ಹೋದರೆ ಔಷಧದಿಂದ ಸ್ವಲ್ಪವಾದರೂ ಉಳಿಸಿಕೊಳ್ಳುವ ಅವಕಾಶ ಕೆಲವರಿಗೆ ಇರುತ್ತದೆ, ತಿಂಗಳು ಕಳೆದರೆ ಅದೂ ಇಲ್ಲ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಏನನ್ನೂ ಹಾಕಬೇಡಿ. ತಮಟೆ ಹರಿದಿದ್ದರೆ ಅದರಿಂದ ಸೋಂಕಾಗುತ್ತದೆ.

ಹಾವೇರಿ ಜಿಲ್ಲಾ ಆಸ್ಪತ್ರೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಹೋಗಿ ಆಡಿಯೊಮೆಟ್ರಿ ಪರೀಕ್ಷೆಯ ಬಗ್ಗೆ ಕೇಳಿ. ಈ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಅರ್ಧ ತಾಸಿನ ಕೆಲಸ. ವರ್ಷಗಳಿಂದ ಬಂದೂಕು ಹಿಡಿದವರು ಕಿವಿ ಚೆನ್ನಾಗಿದೆ ಅನ್ನಿಸಿದರೂ ಒಮ್ಮೆ ಮಾಡಿಸಿಕೊಳ್ಳಬೇಕು. ಈ ಸುಗ್ಗಿಯ ಕಾವಲಿಗೆ ಹೊರಡುವ ಮುನ್ನ ಬ್ಯಾಟರಿ, ಬಡಿಗೆ, ಕಂಬಳಿ ಜತೆ ಒಂದು ಜೋಡಿ ಪ್ಲಗ್ಗೂ ಚೀಲದಲ್ಲಿರಲಿ.