ಪ್ರೊಸೆಸರ್ ತಾಪಮಾನ: ಅಂಕಿ ತಪ್ಪುವುದೆಲ್ಲಿ?

ಕಂಪ್ಯೂಟರಿನ ಪ್ರೊಸೆಸರ್ ತನ್ನ ಬಿಸಿಯನ್ನು ತಾನೇ ಅಳೆದುಕೊಳ್ಳುತ್ತದೆ. ಅದಕ್ಕೆ ನೆರವಾಗುವುದು ಡಯೋಡಿನ ಒಂದು ಗುಣ. ಸಿಲಿಕಾನ್ ಡಯೋಡಿನಲ್ಲಿ ಒಂದೇ ಸಮನಾದ ವಿದ್ಯುತ್ತು ಹರಿಯುತ್ತಿದ್ದರೆ, ಬಿಸಿ ಒಂದೊಂದು ಡಿಗ್ರಿ ಏರಿದಂತೆ ಅದರ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್‌ನಷ್ಟು ಇಳಿಯುತ್ತದೆ. ಈ ಇಳಿತ ಮೊದಲು ಸಂಖ್ಯೆಯಾಗಿ, ಬಳಿಕ ಮದರ್‌ಬೋರ್ಡಿನ ಚಿಪ್ ಇಲ್ಲವೇ ತಂತ್ರಾಂಶದ ಲೆಕ್ಕಕ್ಕೆ ಸಿಕ್ಕಿ, ಕೊನೆಗೆ ಪರದೆಯ ಮೇಲೆ ಡಿಗ್ರಿಯಾಗಿ ಕಾಣುತ್ತದೆ. ಅಂಕಿ ವಿಚಿತ್ರವಾಗಿ ಕಂಡ ಕೂಡಲೇ ಸೆನ್ಸರ್ ಕೆಟ್ಟಿದೆ ಎನ್ನುವುದು ರೂಢಿ. ಆದರೆ ತಪ್ಪು ಹೆಚ್ಚಾಗಿ ನಡುವಿನ ಲೆಕ್ಕದಲ್ಲಿರುತ್ತದೆ.

ಎಲ್ಲ ಪ್ರೊಸೆಸರ್‌ಗಳಿಗೂ ಮೊದಲಿನಿಂದ ಈ ಸೌಲಭ್ಯ ಇರಲಿಲ್ಲ. ಎಎಂಡಿಯ ಮೊದಲ ಅಥ್ಲಾನ್‌ಗಳಲ್ಲಿ ಒಳಗಿನ ಡಯೋಡ್ ಇರಲಿಲ್ಲ. ಸಾಕೆಟ್ಟಿನ ಕೆಳಗೆ ಮದರ್‌ಬೋರ್ಡ್ ತಯಾರಕರು ಕೂರಿಸಿದ ಥರ್ಮಿಸ್ಟರೇ ಗತಿ. ಅದು ಅಳೆಯುತ್ತಿದ್ದುದು ಪ್ರೊಸೆಸರಿನ ಒಡಲನ್ನಲ್ಲ, ಅದರ ಅಡಿಯ ಗಾಳಿಯನ್ನು. 2001ರಲ್ಲಿ ಬಂದ ಅಥ್ಲಾನ್ ಎಕ್ಸ್‌ಪಿ ಡಯೋಡನ್ನು ಚಿಪ್ಪಿನೊಳಗೆ ತಂದಿತು.

ಇಂಟೆಲ್‌ನ ಈಗಿನ ವಿಧಾನ ತಿಳಿದರೆ ಅರ್ಧ ಗೊಂದಲ ಬಗೆಹರಿಯುತ್ತದೆ. 2006ರ ಕೋರ್ ಸರಣಿಯಿಂದ ಈಚೆಗೆ ಪ್ರತಿ ಕೋರ್‌ನಲ್ಲೂ ಡಿಜಿಟಲ್ ಸೆನ್ಸರ್ ಇದೆ. ಅದು ತಾಪಮಾನ ಎಷ್ಟು ಎಂದು ಹೇಳುವುದಿಲ್ಲ. ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಎಂದಷ್ಟೇ ಹೇಳುತ್ತದೆ. ಮಿತಿ 100 ಡಿಗ್ರಿ, ಬಾಕಿ 60 ಎಂದರೆ ತಾಪಮಾನ 40. ಈ ಕಳೆಯುವ ಲೆಕ್ಕ ಮಾಡುವುದು ತಂತ್ರಾಂಶ. ಮಿತಿಯನ್ನೇ 85 ಎಂದು ತಪ್ಪಾಗಿ ಹಿಡಿದರೆ ಅದೇ ಪ್ರೊಸೆಸರ್ 25 ಡಿಗ್ರಿ ತೋರಿಸುತ್ತದೆ. ಕೋರ್ 2 ಕಾಲದಲ್ಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಈ ಮಿತಿಯನ್ನು ಚಿಪ್ಪಿನಿಂದ ಓದಲು ಆಗುತ್ತಿರಲಿಲ್ಲ. ತಂತ್ರಾಂಶ ಬರೆಯುವವರು ಊಹಿಸುತ್ತಿದ್ದರು, ಒಂದೇ ಯಂತ್ರದಲ್ಲಿ ಎರಡು ತಂತ್ರಾಂಶಗಳು ಎರಡು ಅಂಕಿ ಹೇಳುತ್ತಿದ್ದವು. 2008ರ ಕೊನೆಗೆ ಬಂದ ಮೊದಲ ಕೋರ್ ಐ7ರಿಂದ ಮಿತಿ ಚಿಪ್ಪಿನ ರಿಜಿಸ್ಟರ್‌ನಲ್ಲೇ ಸಿಗುತ್ತದೆ.

ಈ ಸೆನ್ಸರ್ ಇರುವುದೇ ಚಿಪ್ಪನ್ನು ಸುಡದಂತೆ ಕಾಯಲು. ಹಾಗಾಗಿ ಅದರ ನಿಖರತೆಯೆಲ್ಲ ಮಿತಿಯ ಆಸುಪಾಸಿನಲ್ಲಿ. ತಣ್ಣಗಿರುವಾಗ ಅದು ಹಲವು ಡಿಗ್ರಿ ಆಚೀಚೆ ಹೋಗಬಹುದು. 45 ನ್ಯಾನೊಮೀಟರ್‌ನ ಕೆಲವು ಕೋರ್ 2 ಪ್ರೊಸೆಸರ್‌ಗಳಲ್ಲಿ ಸೆನ್ಸರ್ ಒಂದು ಮಟ್ಟಕ್ಕಿಂತ ಕೆಳಗಿಳಿಯದೆ ಅಂಟಿಕೊಂಡೇ ಇರುತ್ತಿತ್ತು, ಬಿಸಿಯೇರಿದಾಗ ಮಾತ್ರ ಸರಿಯಾಗಿ ಚಲಿಸುತ್ತಿತ್ತು. ಕೆಲಸವಿಲ್ಲದಾಗಿನ ಅಂಕಿ ನೋಡಿ ಚಿಂತೆಗೆ ಬೀಳುವುದು ಇದೇ ಕಾರಣಕ್ಕೆ ವ್ಯರ್ಥ. ಕೋರ್‌ನಿಂದ ಕೋರ್‌ಗೆ ಐದಾರು ಡಿಗ್ರಿ ವ್ಯತ್ಯಾಸವೂ ದೋಷವಲ್ಲ.

ಎಎಂಡಿಯ ಕಥೆ ಬೇರೆ. ಅದರ ಪ್ರೊಸೆಸರ್‌ಗಳು ಹೊರಕ್ಕೆ ಕೊಡುವ ಟಿ-ಕಂಟ್ರೋಲ್ ಎಂಬ ಅಂಕಿ ಫ್ಯಾನ್ ನಿಯಂತ್ರಣಕ್ಕೆಂದು ರೂಪಿಸಿದ್ದು; ನಿಜವಾದ ತಾಪಮಾನಕ್ಕೆ ಅದು ಸಮವಾಗಿರಲೇಬೇಕೆಂದಿಲ್ಲ. 2017ರ ರೈಜನ್ 1700ಎಕ್ಸ್, 1800ಎಕ್ಸ್‌ಗಳಲ್ಲಿ ಅದು ನಿಜಕ್ಕಿಂತ 20 ಡಿಗ್ರಿ ಹೆಚ್ಚು, ಮೊದಲ ಥ್ರೆಡ್‌ರಿಪ್ಪರ್‌ಗಳಲ್ಲಿ 27, ಮರುವರ್ಷದ 2700ಎಕ್ಸ್‌ನಲ್ಲಿ 10. ಇದನ್ನು ಕಳೆಯಲು ತಿಳಿಯದ ಹಳೆಯ ತಂತ್ರಾಂಶ ಆರೋಗ್ಯವಂತ ಯಂತ್ರಕ್ಕೂ ಅಪಾಯದ ಅಂಕಿ ಬರೆಯುತ್ತದೆ. ಇದಕ್ಕೂ ಹಿಂದೆ, ಫೆನಮ್ ಪೀಳಿಗೆಯ ಕೆಲವು ಚಿಪ್‌ಗಳ ತಾಪಮಾನದ ಓದು ನಂಬಲರ್ಹವಲ್ಲ ಎಂದು ಎಎಂಡಿ ತನ್ನ ದೋಷಪಟ್ಟಿಯಲ್ಲಿ 319ನೆಯ ಕ್ರಮಾಂಕದಡಿ ತಾನೇ ದಾಖಲಿಸಿತ್ತು. ಲಿನಕ್ಸ್‌ನ ಚಾಲಕ ತಂತ್ರಾಂಶ ಅಂಥ ಚಿಪ್‌ಗಳಲ್ಲಿ ಒತ್ತಾಯಿಸದ ಹೊರತು ಓದುವುದೇ ಇಲ್ಲ. ತಪ್ಪು ಅಂಕಿ ತೋರಿಸುವುದಕ್ಕಿಂತ ಇದು ಮೇಲು.

ಮದರ್‌ಬೋರ್ಡಿನ ಚಿಪ್ ಕೊಡುವ ಅಂಕಿಗಳಲ್ಲಿ ಇನ್ನೊಂದು ಬಗೆಯ ಮೋಸ. ಆ ಚಿಪ್ಪಿಗೆ ಹಲವು ಸೆನ್ಸರ್‌ಗಳನ್ನು ಜೋಡಿಸಲು ಅವಕಾಶವಿರುತ್ತದೆ, ತಯಾರಕರು ಕೆಲವನ್ನಷ್ಟೇ ಜೋಡಿಸಿರುತ್ತಾರೆ. ಖಾಲಿ ಉಳಿದ ಪಿನ್ನು 127 ಡಿಗ್ರಿಯೋ ಮೈನಸ್ 128 ಡಿಗ್ರಿಯೋ ತೋರಿಸುತ್ತದೆ. ಅದನ್ನು ಕಂಡು ಬೆಚ್ಚಬೇಕಿಲ್ಲ. ಎಷ್ಟು ಕೆಲಸ ಕೊಟ್ಟರೂ 27.8ರಲ್ಲೇ ನಿಂತ ಅಂಕಿ ಬಯೋಸ್‌ನಲ್ಲಿ ಬರೆದಿಟ್ಟ ಸ್ಥಿರ ಸಂಖ್ಯೆ, ಅಳತೆಯಲ್ಲ. ಎರಡು ತಂತ್ರಾಂಶಗಳು ಒಂದೇ ಚಿಪ್ಪನ್ನು ಒಟ್ಟಿಗೆ ಓದಲು ಹೋದರೆ ಉತ್ತರಗಳು ಅದಲುಬದಲಾಗಿ, ಕ್ಷಣಮಾತ್ರ ಅಸಂಭವ ಏರಿಳಿತ ಕಾಣುತ್ತದೆ. ಪದೇ ಪದೇ ಓದುವುದರಿಂದಲೇ ಮಲಗಿದ್ದ ಕೋರ್ ಎಚ್ಚರಗೊಂಡು ಬಿಸಿಯಾಗುವುದೂ ಉಂಟು. 2019ರ ರೈಜನ್ 3000 ಸರಣಿಯಲ್ಲಿ ಇದು ಅನೇಕರನ್ನು ಗಲಿಬಿಲಿಗೊಳಿಸಿತು.

ಪರೀಕ್ಷೆಯನ್ನು ತಣ್ಣನೆಯ ಯಂತ್ರದಿಂದ ಆರಂಭಿಸಬೇಕು. ರಾತ್ರಿಯಿಡೀ ಆರಿಸಿಟ್ಟ ಕಂಪ್ಯೂಟರನ್ನು ಬೆಳಿಗ್ಗೆ ಹಚ್ಚಿ, ಕೂಡಲೇ ಬಯೋಸ್ ಪರದೆಯ ಅಂಕಿಯನ್ನು ಕೋಣೆಯ ತಾಪಮಾನದ ಜೊತೆ ಹೋಲಿಸಬೇಕು. ಗಾಳಿಯಿಂದ ತಂಪಾಗುವ ಪ್ರೊಸೆಸರ್ ಕೋಣೆಗಿಂತ ತಣ್ಣಗಿರಲು ಸಾಧ್ಯವೇ ಇಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಕೋಣೆ 38 ಡಿಗ್ರಿ ಇದ್ದು ಪ್ರೊಸೆಸರ್ 30 ಎಂದರೆ ಆ ಅಂಕಿ ಸುಳ್ಳು. ಹತ್ತು ಹದಿನೈದು ಡಿಗ್ರಿ ಹೆಚ್ಚಿದ್ದರೆ ಸಹಜ. ಬಯೋಸ್‌ನಲ್ಲಿ ವಿದ್ಯುತ್ ಉಳಿಸುವ ವ್ಯವಸ್ಥೆ ಪೂರ್ತಿ ಕೆಲಸ ಮಾಡದ ಕಾರಣ ಅಲ್ಲಿನ ಅಂಕಿ ವಿಂಡೋಸ್‌ನಲ್ಲಿ ಸುಮ್ಮನಿರುವಾಗಿನದಕ್ಕಿಂತ ಹೆಚ್ಚೇ ಇರುತ್ತದೆ ಎಂಬುದು ನೆನಪಿರಬೇಕು.

ಮುಂದಿನದು ಭಾರದ ಪರೀಕ್ಷೆ. ಪ್ರೈಮ್95ರಂಥ ತಂತ್ರಾಂಶದಿಂದ ಪೂರ್ತಿ ಕೆಲಸ ಕೊಟ್ಟಾಗ ಅಂಕಿ ಥಟ್ಟನೆ ಏರಿ, ಆಮೇಲೆ ನಿಧಾನವಾಗಿ ಏರುತ್ತ ಒಂದು ಮಟ್ಟದಲ್ಲಿ ನಿಲ್ಲಬೇಕು. ನಿಲ್ಲಿಸಿದಾಗ ಹಾಗೆಯೇ ಇಳಿಯಬೇಕು. ಅಲುಗಾಡದ ಅಂಕಿ ಪ್ರೊಸೆಸರಿನದಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಅಂಕಿ 95 ದಾಟಿದೆ, ಹೀಟ್‌ಸಿಂಕ್ ಮಾತ್ರ ತಣ್ಣಗಿದೆ ಎಂದರೆ ಸೆನ್ಸರನ್ನು ದೂರುವ ಮುನ್ನ ತಣ್ಣನೆಯ ಪರೀಕ್ಷೆಯ ಫಲಿತಾಂಶ ನೋಡಬೇಕು. ಹಚ್ಚಿದಾಗ ಸರಿಯಾಗಿದ್ದು ಕೆಲಸ ಕೊಟ್ಟೊಡನೆ ಒಂದೆರಡು ಸೆಕೆಂಡಿನಲ್ಲಿ ಮಿತಿ ಮುಟ್ಟಿದರೆ, ಅಳತೆ ನಿಜ, ಬಿಸಿ ಹೀಟ್‌ಸಿಂಕ್‌ಗೆ ದಾಟುತ್ತಿಲ್ಲ. ಒಣಗಿದ ಥರ್ಮಲ್ ಪೇಸ್ಟ್, ಸಡಿಲವಾದ ಕೊಂಡಿ, ತಳದಿಂದ ಕೀಳದೆ ಉಳಿದ ಪ್ಲಾಸ್ಟಿಕ್ ಹಾಳೆ, ಇವು ಸಾಮಾನ್ಯ ಕಾರಣಗಳು. ತಣ್ಣನೆಯ ಯಂತ್ರವೂ ಹಚ್ಚುತ್ತಲೇ 80 ಎಂದರೆ ಆಗ ಅಳತೆಯ ಮೇಲೆ ಅನುಮಾನ ಪಡಬಹುದು. ಇನ್‌ಫ್ರಾರೆಡ್ ಗನ್ನಿನಿಂದ ತಾಳೆ ನೋಡುವುದು ಬೇಡ. ಹೊಳೆಯುವ ಲೋಹದ ಮೇಲೆ ಅದರ ಅಂಕಿಯೇ ತಪ್ಪು.

ಲೆಕ್ಕದ ತಪ್ಪಿಗೆ ಮದ್ದು ಸುಲಭ: ತಂತ್ರಾಂಶವನ್ನೂ ಬಯೋಸನ್ನೂ ಹೊಸ ಆವೃತ್ತಿಗೆ ತರುವುದು, ಒಂದು ಸಲಕ್ಕೆ ಒಂದೇ ತಂತ್ರಾಂಶ ಓಡಿಸುವುದು, ಲಿನಕ್ಸ್‌ನಲ್ಲಾದರೆ ಖಾಲಿ ಪಿನ್ನುಗಳನ್ನು ಸಂರಚನಾ ಕಡತದಲ್ಲಿ ಮರೆಮಾಡುವುದು. ಅಂಕಿಗೆ ಕೈಯಾರೆ ಕೂಡಿ ಕಳೆಯುವ ಸೌಲಭ್ಯವೂ ಕೆಲವು ತಂತ್ರಾಂಶಗಳಲ್ಲಿದೆ. ಮನಸ್ಸಿನ ಸಮಾಧಾನಕ್ಕೆಂದು ಅದನ್ನು ಬಳಸುವುದು ಅಪಾಯ, ಏಕೆಂದರೆ ತಣ್ಣಗಿರುವಾಗಿನ ತಪ್ಪು ಬಿಸಿಯಲ್ಲೂ ಅಷ್ಟೇ ಇರುವುದಿಲ್ಲ. ತಣ್ಣಗೆ ಕಾಣಲೆಂದು ಕಳೆದ ಹತ್ತು ಡಿಗ್ರಿ ಮಿತಿಯ ಹತ್ತಿರದ ಎಚ್ಚರಿಕೆಯನ್ನೂ ಮುಚ್ಚಿಹಾಕುತ್ತದೆ. ಚಿಪ್ಪಿನೊಳಗಿನ ಸೆನ್ಸರ್ ನಿಜಕ್ಕೂ ಕೆಟ್ಟಿದ್ದರೆ ರಿಪೇರಿ ಇಲ್ಲ. ವಾರಂಟಿ ಇದ್ದರೆ ಪ್ರೊಸೆಸರ್ ಬದಲಾಯಿಸಿಕೊಳ್ಳಬೇಕು. ಅಲ್ಲಿಯತನಕ ಬಯೋಸ್‌ನಲ್ಲಿ ಫ್ಯಾನನ್ನು ಆ ಅಂಕಿಯ ಹಿಡಿತದಿಂದ ಬಿಡಿಸಿ ಸ್ಥಿರವಾದ ಹೆಚ್ಚಿನ ವೇಗಕ್ಕೆ ಇಟ್ಟರೆ ಯಂತ್ರ ಸದ್ದು ಮಾಡಿದರೂ ಕಾಯುವುದಿಲ್ಲ.