ಸೋರೆಬುರುಡೆಯ ಲೆಕ್ಕ

ಬಾವಿಯಲ್ಲಿ ನೀರು ಸೇದುವವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ತುಂಬಿದ ಕೊಡವು ನೀರಿನೊಳಗಿರುವವರೆಗೂ ಹಗ್ಗವು ಹಗುರ. ಕೊಡವು ಮೇಲೆದ್ದೊಡನೆ ಭಾರವೆಲ್ಲ ತೋಳಿಗೆ ಬೀಳುವುದು. ನೀರು ತನ್ನೊಳಗಿನ ವಸ್ತುವನ್ನು ಮೇಲಕ್ಕೆ ನೂಕುವುದೇ ಇದಕ್ಕೆ ಕಾರಣ. ಈ ನೂಕಿಗೆ ಪ್ಲವನಬಲವೆಂದು ಹೆಸರು. ವಸ್ತುವು ಎಷ್ಟು ನೀರಿನ ಸ್ಥಳವನ್ನು ಆಕ್ರಮಿಸುವುದೋ ಅಷ್ಟು ನೀರಿನ ತೂಕವೇ ಈ ಬಲವೆಂದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸನು ತೋರಿಸಿದನು. ಒಂದು ಲೀಟರು ನೀರು ಸುಮಾರು 1 ಕಿಲೊ ತೂಗುವುದರಿಂದ ಲೆಕ್ಕವು ಸುಲಭ.

ಮುಳುಗಿದ ವಸ್ತುವನ್ನು ಮೊದಲು ನೋಡೋಣ. 27 ಕಿಲೊ ತೂಗುವ ಗಟ್ಟಿ ಕಲ್ಲೊಂದು ಸುಮಾರು 10 ಲೀಟರಿನಷ್ಟು ಸ್ಥಳವನ್ನು ಹಿಡಿಯುವುದು. ನೀರು ಅದನ್ನು 10 ಕಿಲೊ ಭಾರದಷ್ಟು ಮೇಲಕ್ಕೆ ನೂಕುವುದರಿಂದ ನಮ್ಮ ಕೈಗೆ ತಿಳಿಯುವ ಭಾರ 17 ಕಿಲೊ ಮಾತ್ರ.

ತೇಲುವ ವಸ್ತುವಿನ ರೀತಿ ಬೇರೆ. ತನ್ನ ಪೂರ್ಣ ತೂಕಕ್ಕೆ ಸಮನಾದ ನೀರನ್ನು ಸರಿಸುವಷ್ಟು ಮಾತ್ರವೇ ಅದು ಮುಳುಗುವುದು. ಕೃಷ್ಣಾನದಿಯ ಹರಿಗೋಲಿನ ತಳವು 2 ಮೀಟರು ಅಗಲವೆಂದೂ ಅಂಚು ನೆಟ್ಟಗಿದೆಯೆಂದೂ ಇಟ್ಟುಕೊಳ್ಳೋಣ. ಅದು ಒಂದೊಂದು ಸೆಂಟಿಮೀಟರು ಇಳಿದಾಗಲೂ ಸುಮಾರು 31 ಲೀಟರು ನೀರು ಸರಿಯುವುದು. 60 ಕಿಲೊ ತೂಗುವ ಹರಿಗೋಲಿನಲ್ಲಿ ತಲಾ 55 ಕಿಲೊ ತೂಕದ ಎಂಟು ಜನರು ಕುಳಿತರೆ ಒಟ್ಟು ಭಾರ 500 ಕಿಲೊ. ಹರಿಗೋಲು ಸುಮಾರು 16 ಸೆಂಟಿಮೀಟರು ಇಳಿಯುವುದು. ಮತ್ತೊಬ್ಬರು ಹತ್ತಿದರೆ ಇನ್ನೂ ಎರಡು ಸೆಂಟಿಮೀಟರು. ಎಲ್ಲರೂ ಒಂದೇ ಬದಿಗೆ ಸರಿದರೆ ಅಂಚು ವಾಲಿ ನೀರು ಒಳನುಗ್ಗುವುದು.

ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ 2014ರಲ್ಲಿ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಆಸ್ಪತ್ರೆಯನ್ನು ಸೇರಲೆಂದು ಉಕ್ಕಿದ ಹೊಳೆಯನ್ನು ಈಜಿ ದಾಟಿದಳು. ಮನೆಯವರು ಜತೆಗಿದ್ದರು, ಮೈಗೆ ಒಣ ಬುರುಡೆಗಳನ್ನು ಕಟ್ಟಿದ್ದರು.

ಆ ಬುರುಡೆಗಳ ಬಲವೆಷ್ಟು? 6 ಲೀಟರು ಗಾತ್ರದ, ಅರ್ಧ ಕಿಲೊ ತೂಕದ ಸೋರೆಬುರುಡೆಯು ಪೂರ್ಣ ಮುಳುಗಿದಾಗ ಐದೂವರೆ ಕಿಲೊ ಭಾರವನ್ನು ಹೊರಬಲ್ಲುದು. ಉಸಿರು ತುಂಬಿದ ಮೈ ಹೆಚ್ಚುಕಡಿಮೆ ತಾನೇ ತೇಲುವುದು. ನೀರಿನಿಂದ ಮೇಲೆ ಎತ್ತಿ ಹಿಡಿಯಬೇಕಾದುದು 4–5 ಕಿಲೊ ತೂಗುವ ತಲೆಯನ್ನು ಮಾತ್ರ. ಒಂದು ಬುರುಡೆ ಅದಕ್ಕೆ ಹೇಗೋ ಸಾಕು, ಎರಡಿದ್ದರೆ ಧೈರ್ಯ. ಆದರೆ ಬುರುಡೆ ಬಿರುಕು ಬಿಟ್ಟು ನೀರು ತುಂಬಿತೆಂದರೆ ಈ ಆಸರೆಯೆಲ್ಲ ಹೋಯಿತು.

ಪ್ಲವನಬಲವು ಮೇಲಕ್ಕೆ ಎತ್ತುವುದೇ ಹೊರತು ಸೆಳವನ್ನು ತಡೆಯಲಾರದು. ತೇಲುವವನನ್ನೂ ಪ್ರವಾಹವು ಕೊಚ್ಚಿಕೊಂಡು ಹೋಗುವುದು. ಆದುದರಿಂದ ವಾಚಕರು ಲೆಕ್ಕವನ್ನು ಮನೆಯ ತೊಟ್ಟಿಯಲ್ಲಿಯೇ ಪರೀಕ್ಷಿಸಿ ನೋಡಲಿ. ತುಂಬಿದ ಹೊಳೆಗೆ ಇಳಿಯದಿರಲಿ. ತುಂಬು ಗರ್ಭಿಣಿಯು ಬುರುಡೆಯನ್ನು ನಂಬಿ ಹೊಳೆಗೆ ಇಳಿಯಬೇಕಾದ ಸ್ಥಿತಿ ಯಾವ ಊರಿಗೂ ಬಾರದಿರಲಿ.